ಜಿದ್ದಿನ ಪಂದ್ಯ ಉಳಿಯಬೇಕಾದರೆ ಯಾವ ವೇಳಾಪಟ್ಟಿ? ಅಮೆರಿಕದ ಕಾಲೇಜು ಫುಟ್ಬಾಲ್‌ನ ದಾರಿಗಳ ಹೋಲಿಕೆ

ಡಲ್ಲಾಸ್ ಹತ್ತಿರ ನಾವು ಬಾಡಿಗೆಗಿದ್ದ ಬೀದಿಯಲ್ಲಿ ಒಂದು ಮನೆ ಇತ್ತು. ಬಾಗಿಲ ಪಕ್ಕ ಒಂದೇ ಬಾವುಟ, ಆದರೆ ಅದರಲ್ಲಿ ಎರಡು ಬಣ್ಣ. ಎಡಗಡೆ ಟೆಕ್ಸಸ್ ವಿಶ್ವವಿದ್ಯಾಲಯದ ಕಂದು ಬೆರೆತ ಕಿತ್ತಳೆ, ಬಲಗಡೆ ಟೆಕ್ಸಸ್ ಎ ಆಂಡ್ ಎಂನ ಮರೂನ್. ಗಂಡ ಒಂದು ಕಡೆ ಓದಿದವರು, ಹೆಂಡತಿ ಇನ್ನೊಂದು ಕಡೆ. 2011ರ ನವೆಂಬರ್ 24, ಥ್ಯಾಂಕ್ಸ್‌ಗಿವಿಂಗ್ ರಾತ್ರಿ, ನಮ್ಮನ್ನು ಊಟಕ್ಕೆ ಕರೆದಿದ್ದರು. ಟಿವಿಯಲ್ಲಿ ಆ ಎರಡು ತಂಡಗಳ ಪಂದ್ಯ. ಗಡಿಯಾರದಲ್ಲಿ ಸಮಯ ಮುಗಿಯುವಾಗ ಜಸ್ಟಿನ್ ಟಕರ್ 40 ಗಜ ದೂರದಿಂದ ಒದ್ದ ಚೆಂಡು ಎರಡು ಕಂಬಗಳ ನಡುವೆ ಹಾದುಹೋಯಿತು. ಟೆಕ್ಸಸ್ 27, ಎ ಆಂಡ್ ಎಂ 25. ಗೆದ್ದವರು ಕುಣಿಯಲಿಲ್ಲ, ಸೋತವರು ಬೈಯಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. 1915ರಿಂದ ಒಂದು ವರ್ಷವೂ ತಪ್ಪದೆ ನಡೆದ ಪಂದ್ಯ ಅವತ್ತಿಗೆ ನಿಂತುಹೋಗಲಿತ್ತು. ಮುಂದಿನ ವರ್ಷ ಎ ಆಂಡ್ ಎಂ ಬೇರೆ ಕಾನ್ಫರೆನ್ಸ್‌ಗೆ, ಅಂದರೆ ತಂಡಗಳ ಬೇರೆ ಕೂಟಕ್ಕೆ, ಹೊರಟಿತ್ತು.

ಮತ್ತೆ ಆ ತಂಡಗಳು ಎದುರಾಗಿದ್ದು 2024ರ ನವೆಂಬರ್ 30ಕ್ಕೆ. ನಡುವೆ 13 ವರ್ಷ ಹೋಯಿತು. ಆ ರಾತ್ರಿಯಿಂದ ನಾನು ಕಾನ್ಫರೆನ್ಸ್‌ಗಳು ವೇಳಾಪಟ್ಟಿ ಹೇಗೆ ಮಾಡುತ್ತವೆ ಅಂತ ಗಮನವಿಟ್ಟು ನೋಡುತ್ತ ಬಂದಿದ್ದೇನೆ. ಅಮೆರಿಕದಲ್ಲಿರುವ ನಮ್ಮವರಲ್ಲಿ ಮಕ್ಕಳ ಕಾಲೇಜಿನ ಮೂಲಕ ಈ ಆಟಕ್ಕೆ ಮನಸೋತವರು ಬೇಕಾದಷ್ಟು ಜನ ಇದ್ದಾರೆ. "ನಮ್ಮ ತಂಡ ಈ ವರ್ಷ ಅವರ ಜೊತೆ ಯಾಕೆ ಆಡ್ತಿಲ್ಲ?" ಅನ್ನೋದು ಪ್ರತಿ ವರ್ಷದ ಪ್ರಶ್ನೆ. ಉತ್ತರ ಎಲ್ಲ ಕಡೆ ಒಂದೇ ಅಲ್ಲ. ವೇಳಾಪಟ್ಟಿಗೆ ಹಲವು ದಾರಿಗಳಿವೆ, ಒಂದೊಂದಕ್ಕೂ ಒಂದೊಂದು ಬೆಲೆ ಇದೆ.

ಮೊದಲು ಲೆಕ್ಕ

ಕಾನ್ಫರೆನ್ಸ್ ಅಂದರೆ ಒಂದಷ್ಟು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಕೂಟ. ತಮ್ಮೊಳಗೆ ಆಡುತ್ತವೆ, ತಮ್ಮೊಳಗೇ ಒಬ್ಬ ಚಾಂಪಿಯನ್ ಆರಿಸುತ್ತವೆ, ಟಿವಿ ಹಕ್ಕಿನ ದುಡ್ಡು ಹಂಚಿಕೊಳ್ಳುತ್ತವೆ. ಒಂದು ತಂಡಕ್ಕೆ ಸೀಸನ್‌ಗೆ 12 ಪಂದ್ಯ. ಅದರಲ್ಲಿ 8 ಅಥವಾ 9 ಕಾನ್ಫರೆನ್ಸ್ ಒಳಗೆ, ಉಳಿದದ್ದು ಹೊರಗೆ. ಹಿಂದೆ ಎಂಟು ಹತ್ತು ತಂಡಗಳ ಕೂಟಗಳಿದ್ದವು. ಈಗ ಎಸ್‌ಇಸಿಯಲ್ಲಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) 16, ಬಿಗ್ 12ನಲ್ಲಿ 16, ಎಸಿಸಿಯಲ್ಲಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) 17, ಬಿಗ್ ಟೆನ್‌ನಲ್ಲಿ 18. ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ.

16 ತಂಡ ಇದ್ದರೆ ಒಬ್ಬೊಬ್ಬರಿಗೆ 15 ಎದುರಾಳಿಗಳು. ಜಾಗ ಇರೋದು ಒಂಬತ್ತೇ. ಹಾಸಿಗೆ ಚಿಕ್ಕದು, ಕಾಲು ಉದ್ದ. ಯಾರನ್ನು ಪ್ರತಿ ವರ್ಷ ಇಟ್ಟುಕೊಳ್ಳಬೇಕು, ಯಾರನ್ನು ಸರದಿಯಲ್ಲಿ ತರಬೇಕು ಅನ್ನೋದೇ ಇಡೀ ಜಗಳ.

ಐಪಿಎಲ್ ನೋಡುವವರಿಗೆ ಇದು ಹೊಸದಲ್ಲ. 2022ರಲ್ಲಿ ತಂಡಗಳು ಹತ್ತಾದವು, ಪಂದ್ಯಗಳು ಮಾತ್ರ ತಲಾ 14ರಲ್ಲೇ ನಿಂತವು. ಆಗ ಎರಡು ಗುಂಪು ಮಾಡಿದರು. ತನ್ನ ಗುಂಪಿನ ನಾಲ್ವರ ಜೊತೆ ಎರಡೆರಡು ಸಲ, ಆಚೆ ಗುಂಪಿನ ಒಬ್ಬರ ಜೊತೆ ಎರಡು ಸಲ, ಉಳಿದ ನಾಲ್ವರ ಜೊತೆ ಒಂದೊಂದು ಸಲ. ಮುಂಬೈ ಒಂದು ಗುಂಪಿನಲ್ಲಿ, ಚೆನ್ನೈ ಇನ್ನೊಂದರಲ್ಲಿ. ಆದರೂ ಅವೆರಡು ಎರಡು ಸಲ ಆಡಿದವು, ಆ "ಆಚೆ ಗುಂಪಿನ ಒಬ್ಬರು" ಅವರಿಗೆ ಅವರೇ ಆಗಿದ್ದರು. ಇದೇ ಉಪಾಯವನ್ನು ಅಮೆರಿಕದ ಕಾಲೇಜುಗಳು ದಶಕಗಳಿಂದ ಬಳಸಿವೆ. ಮುಂದೆ ಬರುತ್ತದೆ.

ಯಾವ ದಾರಿ ಒಳ್ಳೆಯದು ಅಂತ ಅಳೆಯಲು ನಾನು ಮೂರು ಪ್ರಶ್ನೆ ಕೇಳುತ್ತೇನೆ. ಜಿದ್ದಿನ ಪಂದ್ಯ ಪ್ರತಿ ವರ್ಷ ನಡೆಯುತ್ತಾ? ನಾಲ್ಕು ವರ್ಷ ಓದುವ ಹುಡುಗಿ ತನ್ನ ಕಾನ್ಫರೆನ್ಸಿನ ಎಲ್ಲ ತಂಡಗಳನ್ನೂ ತನ್ನ ಕ್ಯಾಂಪಸ್ಸಿನ ಮೈದಾನದಲ್ಲಿ ಒಮ್ಮೆಯಾದರೂ ನೋಡ್ತಾಳಾ? ಚಾಂಪಿಯನ್ ಆದವರು ನಿಜವಾಗಿ ಕಷ್ಟದ ದಾರಿಯಲ್ಲೇ ಬಂದರಾ? ಮೂರೂ ಮುಖ್ಯ. ಆದರೆ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಮೊದಲನೆಯದನ್ನೇ ಉಳಿಸಿಕೊಳ್ತೇನೆ. ಯಾಕೆ ಅನ್ನೋದನ್ನು ನೆಬ್ರಾಸ್ಕಾ ಕಥೆಯಲ್ಲಿ ಹೇಳ್ತೇನೆ.

ಎಲ್ಲರೂ ಎಲ್ಲರ ಜೊತೆ

ಇದಕ್ಕಿಂತ ಸರಳ ಇನ್ನೊಂದಿಲ್ಲ. 2011ರಿಂದ 2022ರವರೆಗೆ ಬಿಗ್ 12ನಲ್ಲಿ ಹತ್ತೇ ತಂಡಗಳಿದ್ದವು. ಒಬ್ಬೊಬ್ಬರಿಗೆ 9 ಪಂದ್ಯ, 9 ಎದುರಾಳಿ. ಯಾರನ್ನೂ ಬಿಡಬೇಕಾಗಿಲ್ಲ, ಯಾರನ್ನೂ ವಿಶೇಷವಾಗಿ ಕಾಪಾಡಬೇಕಾಗಿಲ್ಲ. ಮೂರೂ ಪ್ರಶ್ನೆಗೆ ಹೌದು ಅನ್ನುವ ದಾರಿ ಇದೊಂದೇ.

ಇದಕ್ಕೂ ಒಂದು ಪೆಟ್ಟು ಬಿತ್ತು. 2014ರಲ್ಲಿ ಬೇಲರ್ ಮತ್ತು ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಎರಡೂ ಒಂದೊಂದೇ ಕಾನ್ಫರೆನ್ಸ್ ಪಂದ್ಯ ಸೋತಿದ್ದವು. ಬೇಲರ್ 61–58ರಿಂದ ಟಿಸಿಯುವನ್ನು ಸೋಲಿಸಿತ್ತು. ಆದರೂ ಇಬ್ಬರನ್ನೂ ಜಂಟಿ ಚಾಂಪಿಯನ್ ಅಂದರು. ದೇಶದ ಚಾಂಪಿಯನ್ ಆರಿಸಲು ಆ ವರ್ಷ ಮೊದಲ ಬಾರಿಗೆ ನಡೆದ ನಾಲ್ಕು ತಂಡಗಳ ಪ್ಲೇಆಫ್‌ಗೆ ಇಬ್ಬರೂ ಆಯ್ಕೆಯಾಗಲಿಲ್ಲ. 2017ರಿಂದ ಮೊದಲ ಎರಡು ತಂಡಗಳ ನಡುವೆ ಫೈನಲ್ ಶುರು ಮಾಡಿದರು. ಎಲ್ಲರೂ ಆಗಲೇ ಎಲ್ಲರ ಜೊತೆ ಆಡಿದ್ದರಿಂದ ಫೈನಲ್ ಪ್ರತಿ ವರ್ಷ ಮರುಪಂದ್ಯವೇ ಆಯಿತು.

ಏನೇ ಇರಲಿ, ಹತ್ತು ತಂಡ ಮೀರಿದರೆ ಈ ದಾರಿ ಮುಚ್ಚಿಕೊಳ್ಳುತ್ತದೆ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಈಗ ಇದರ ಮಾತೇ ಇಲ್ಲ.

ಎರಡು ಡಿವಿಷನ್

1987ರಲ್ಲಿ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಒಂದು ನಿಯಮ ತಂದಿತು. 12 ತಂಡ ಇರುವ ಕಾನ್ಫರೆನ್ಸ್ ಎರಡು ಭಾಗವಾಗಿ, ಭಾಗದೊಳಗೆ ಎಲ್ಲರೂ ಎಲ್ಲರ ಜೊತೆ ಆಡಿ, ಕೊನೆಗೆ ಫೈನಲ್ ಆಡಿಸಬಹುದು. ಎಸ್‌ಇಸಿ 1992ರಲ್ಲಿ ಅರ್ಕನ್ಸಾ ಮತ್ತು ಸೌತ್ ಕ್ಯಾರೊಲಿನಾವನ್ನು ಸೇರಿಸಿಕೊಂಡು 12 ಆಯಿತು, ಪೂರ್ವ ಪಶ್ಚಿಮ ಅಂತ ಗೆರೆ ಎಳೆಯಿತು. ಆ ಫೈನಲ್‌ನಿಂದ ಬಂದ ದುಡ್ಡು ನೋಡಿ ಉಳಿದವರೂ ಅದೇ ಮಾಡಿದರು.

ಡಿವಿಷನ್ ಒಳಗಿರುವ ಜಿದ್ದುಗಳಿಗೆ ಇದು ತುಂಬ ಒಳ್ಳೆಯದು. ಪ್ರಯಾಣವೂ ಕಡಿಮೆ. ಸನ್ ಬೆಲ್ಟ್ ಕಾನ್ಫರೆನ್ಸ್ 2025ರಲ್ಲೂ ಪೂರ್ವ ಪಶ್ಚಿಮ ಇಟ್ಟುಕೊಂಡಿತ್ತು, ಆ ಊರುಗಳ ನಕ್ಷೆ ನೋಡಿದರೆ ಅದು ಸರಿ ಅಂತಲೇ ಅನ್ನಿಸುತ್ತದೆ. ಕಷ್ಟ ಬರೋದು ಗೆರೆ ಎಲ್ಲಿ ಬೀಳುತ್ತದೆ ಅನ್ನೋದರಲ್ಲಿ.

ನೆಬ್ರಾಸ್ಕಾ ಮತ್ತು ಒಕ್ಲಹೋಮಾ ದಶಕಗಳ ಕಾಲ ಬಿಗ್ ಎಯ್ಟ್ ಕಾನ್ಫರೆನ್ಸಿನಲ್ಲಿ ಪ್ರತಿ ವರ್ಷ ಎದುರಾಗುತ್ತಿದ್ದವು. 1971ರ ಥ್ಯಾಂಕ್ಸ್‌ಗಿವಿಂಗ್ ದಿನ ಒಕ್ಲಹೋಮಾದ ತವರು ನಾರ್ಮನ್‌ನಲ್ಲಿ ನಡೆದ ಪಂದ್ಯವನ್ನು ಹಳಬರು ಇಂದಿಗೂ ಶತಮಾನದ ಪಂದ್ಯ ಅನ್ನುತ್ತಾರೆ. ದೇಶದ ಮೊದಲ ಮತ್ತು ಎರಡನೇ ಸ್ಥಾನದ ತಂಡಗಳು. ನೆಬ್ರಾಸ್ಕಾದ ಜಾನಿ ರಾಜರ್ಸ್ ಎದುರಾಳಿ ದೂರಕ್ಕೆ ಒದ್ದ ಚೆಂಡು (ಪಂಟ್) ಹಿಡಿದು 72 ಗಜ ಓಡಿ ಅಂಕ ತಂದ. ನೆಬ್ರಾಸ್ಕಾ 35–31ರಿಂದ ಗೆದ್ದಿತು.

1996ರಲ್ಲಿ ಬಿಗ್ ಎಯ್ಟ್‌ಗೆ ಟೆಕ್ಸಸ್‌ನ ನಾಲ್ಕು ತಂಡ ಸೇರಿ ಬಿಗ್ 12 ಆಯಿತು. ಉತ್ತರ ದಕ್ಷಿಣ ಅಂತ ಗೆರೆ. ನೆಬ್ರಾಸ್ಕಾ ಉತ್ತರಕ್ಕೆ, ಒಕ್ಲಹೋಮಾ ದಕ್ಷಿಣಕ್ಕೆ. ಗೆರೆಯ ಆಚೆಯ ತಂಡಗಳ ಜೊತೆ ಎರಡು ವರ್ಷ ಆಡು, ಎರಡು ವರ್ಷ ಬಿಡು ಅನ್ನುವ ಪದ್ಧತಿ. ಈ ಒಂದು ಜೋಡಿಗಾದರೂ ವಿನಾಯಿತಿ ಕೊಡಬಹುದಿತ್ತು. ಕೊಡಲಿಲ್ಲ. 1998ರಲ್ಲಿ, 1999ರಲ್ಲಿ ಲೀಗ್ ಹಂತದಲ್ಲಿ ಆ ಪಂದ್ಯ ಇರಲಿಲ್ಲ. 2000 ಮತ್ತು 2001ರಲ್ಲಿ ಇತ್ತು. ಮತ್ತೆ ಎರಡು ವರ್ಷ ಇಲ್ಲ.

ಎರಡು ವರ್ಷ ಬಿಟ್ಟು ಬರುವ ಜಿದ್ದು ಹಾಗೇ ಉಳಿಯುವುದಿಲ್ಲ. ಹೋದ ವರ್ಷ ಸೋತವರು ಈ ವರ್ಷ ತೀರಿಸಿಕೊಳ್ಳಬೇಕು. ಸೋತ ಹುಡುಗರೇ ಇನ್ನೂ ತಂಡದಲ್ಲಿರಬೇಕು. ಆಫೀಸಿನಲ್ಲಿ ಒಂದು ವರ್ಷ ಪೂರ್ತಿ ಮಾತು ಕೇಳಿಸಿಕೊಂಡವರು ಮುಂದಿನ ನವೆಂಬರ್‌ಗೆ ಕಾದು ಕೂತಿರಬೇಕು. ಕೊಂಡಿ ಕಳಚಿದರೆ ಅದು ಒಳ್ಳೆಯ ಎರಡು ತಂಡಗಳ ಒಂದು ಒಳ್ಳೆಯ ಪಂದ್ಯ, ಅಷ್ಟೇ. 2011ರಲ್ಲಿ ನೆಬ್ರಾಸ್ಕಾ ಬಿಗ್ ಟೆನ್‌ಗೆ ಹೊರಟಾಗ ಈ ಪಂದ್ಯ ಹೋಗುತ್ತದಲ್ಲಾ ಅಂತ ಯಾರೂ ಅಡ್ಡ ನಿಲ್ಲಲಿಲ್ಲ, ಅದು ಆಗಲೇ ಸಡಿಲವಾಗಿತ್ತು. 2021ರಲ್ಲಿ, ಆ ಶತಮಾನದ ಪಂದ್ಯಕ್ಕೆ 50 ವರ್ಷ ತುಂಬಿದಾಗ, ನಾರ್ಮನ್‌ನಲ್ಲಿ ಮತ್ತೆ ಆಡಿದರು. ಒಕ್ಲಹೋಮಾ 23–16. ಚೆನ್ನಾಗಿತ್ತು. ಆದರೆ ಅದು ನೆನಪಿನ ಕಾರ್ಯಕ್ರಮದಂತೆ ಇತ್ತು, ನನಗೆ ನೋಡ್ತಾ ಬೇಜಾರಾಯಿತು.

ಎಸಿಸಿಯಲ್ಲಿ ಇನ್ನೊಂದು ವಿಚಿತ್ರ. ಅಲ್ಲಿ ಡಿವಿಷನ್‌ಗಳ ಹೆಸರು ಅಟ್ಲಾಂಟಿಕ್ ಮತ್ತು ಕೋಸ್ಟಲ್. ಯಾವ ತಂಡ ಯಾವುದರಲ್ಲಿ ಅಂತ ನಕ್ಷೆ ನೋಡಿ ಹೇಳಲು ಬರುತ್ತಿರಲಿಲ್ಲ. ನಾರ್ತ್ ಕ್ಯಾರೊಲಿನಾ ಮತ್ತು ವೇಕ್ ಫಾರೆಸ್ಟ್ ಒಂದೇ ರಾಜ್ಯದವು, 1953ರಲ್ಲಿ ಕಾನ್ಫರೆನ್ಸ್ ಕಟ್ಟಿದಾಗಿನಿಂದ ಜೊತೆಗಿದ್ದವು. ಬೇರೆ ಬೇರೆ ಡಿವಿಷನ್‌ಗೆ ಬಿದ್ದು, ವರ್ಷಗಟ್ಟಲೆ ಎದುರಾಗದೆ, ಕೊನೆಗೆ 2019 ಮತ್ತು 2021ರಲ್ಲಿ ತಾವೇ ಮಾತಾಡಿಕೊಂಡು ಕಾನ್ಫರೆನ್ಸ್ ಲೆಕ್ಕಕ್ಕೆ ಸೇರದ ಪಂದ್ಯ ಆಡಿದವು. ಒಂದೇ ಮನೆಯ ಅಣ್ಣತಮ್ಮಂದಿರು ಮಾತಾಡಲು ಹೋಟೆಲ್‌ನಲ್ಲಿ ಟೇಬಲ್ ಹಿಡಿದ ಹಾಗೆ.

ಡಿವಿಷನ್, ಜೊತೆಗೆ ಒಬ್ಬ ಕಾಯಂ ಎದುರಾಳಿ

ಮೊದಲು ಹೇಳಿದ ಮುಂಬೈ–ಚೆನ್ನೈ ಉಪಾಯ ಇದೇ. ಗೆರೆಯ ಆಚೆ ಒಬ್ಬರನ್ನು ಪ್ರತಿ ವರ್ಷಕ್ಕೆ ಕಟ್ಟಿಹಾಕುವುದು. ಎಸ್‌ಇಸಿಯಲ್ಲಿ 2012ರಿಂದ 2023ರವರೆಗೆ 14 ತಂಡ, 8 ಪಂದ್ಯ. ತನ್ನ ಡಿವಿಷನ್ನಿನ 6, ಆಚೆಯ ಒಬ್ಬ ಕಾಯಂ, ಆಚೆಯ ಇನ್ನೊಬ್ಬ ಸರದಿಯಲ್ಲಿ. ಜನ ಇದನ್ನು 6-1-1 ಅನ್ನುತ್ತಿದ್ದರು.

ಆ ನಡುವಿನ 1 ಏನು ಕಾಪಾಡಿತು ನೋಡಿ. ಅಲಬಾಮಾ ಪಶ್ಚಿಮದಲ್ಲಿ, ಟೆನೆಸಿ ಪೂರ್ವದಲ್ಲಿ. ಅಕ್ಟೋಬರ್‌ನ ಮೂರನೇ ಶನಿವಾರದ ಪಂದ್ಯ ಅಂತಲೇ ಅದಕ್ಕೆ ಹೆಸರು, ಗೆದ್ದವರು ಡ್ರೆಸ್ಸಿಂಗ್ ರೂಮಿನಲ್ಲಿ ಚುರುಟು ಹಚ್ಚುತ್ತಾರೆ. 2007ರಿಂದ 2021ರವರೆಗೆ ಟೆನೆಸಿ ಸತತ 15 ಸಲ ಸೋತಿತು. ಇನ್ನು ಯಾಕೆ ಈ ಪಂದ್ಯ ಅಂತ ಕೇಳಿದವರೂ ಇದ್ದರು. 2022ರ ಅಕ್ಟೋಬರ್ 15ರಂದು ನಾಕ್ಸ್‌ವಿಲ್‌ನಲ್ಲಿ ಸಮಯ ಮುಗಿಯುವಾಗ ಚೇಸ್ ಮೆಕ್‌ಗ್ರಾ ಒದ್ದ ಚೆಂಡು ಓಲಾಡುತ್ತ ಹೋಗಿ ಕಂಬದ ಮೇಲಿಂದ ದಾಟಿತು. ಟೆನೆಸಿ 52, ಅಲಬಾಮಾ 49. ಜನ ಮೈದಾನಕ್ಕೆ ನುಗ್ಗಿ ಗೋಲುಕಂಬ ಕಿತ್ತು, ಹೊತ್ತುಕೊಂಡು ಹೋಗಿ ಟೆನೆಸಿ ನದಿಗೆ ಹಾಕಿದರು. 15 ವರ್ಷ ಒಂದನ್ನೂ ಬಿಡದೆ ಸೋತಿದ್ದರಿಂದಲೇ ಆ ರಾತ್ರಿಗೆ ಅಷ್ಟು ತೂಕ. ನಡುವೆ ಎರಡೆರಡು ವರ್ಷ ಬಿಟ್ಟು ಆಡಿದ್ದರೆ ಆ ಕಂಬ ನದಿ ಕಾಣುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಇನ್ನು ಕೊನೆಯ 1ರ ಕಡೆ ನೋಡಿ. ಆಚೆ ಡಿವಿಷನ್ನಿನ 7ರಲ್ಲಿ ಒಬ್ಬರು ಕಾಯಂ, ಉಳಿದ 6 ಜನ ವರ್ಷಕ್ಕೊಬ್ಬರಂತೆ. ಒಬ್ಬರ ಸರದಿ ಬರಲು 6 ವರ್ಷ, ಅವರು ನಿಮ್ಮ ಊರಿಗೇ ಬರಲು 12 ವರ್ಷ. ಟೆಕ್ಸಸ್ ಎ ಆಂಡ್ ಎಂ 2012ರಲ್ಲಿ ಸೇರಿತು. 2023 ಮುಗಿದರೂ ಜಾರ್ಜಿಯಾ ಒಮ್ಮೆಯೂ ಎ ಆಂಡ್ ಎಂನ ಊರು ಕಾಲೇಜ್ ಸ್ಟೇಷನ್‌ಗೆ ಹೋಗಿರಲಿಲ್ಲ. ಒಂದೇ ಕಾನ್ಫರೆನ್ಸ್, 12 ವರ್ಷ, ಅಂದರೆ ಮೂರು ಬ್ಯಾಚ್ ಹುಡುಗರು ಓದು ಮುಗಿಸಿ ಹೋದರು. ಸಾಲದ್ದಕ್ಕೆ, ಎಲ್ಲರಿಗೂ ಒಬ್ಬ ಕಾಯಂ ಎದುರಾಳಿ ಇರಲೇಬೇಕು ಅಂತ ಎ ಆಂಡ್ ಎಂಗೆ ಸುಮಾರು ಸಾವಿರ ಮೈಲಿ ದೂರದ ಸೌತ್ ಕ್ಯಾರೊಲಿನಾವನ್ನು ಜೋಡಿ ಮಾಡಿದರು. ಅಲ್ಲಿ ಜಿದ್ದೂ ಇರಲಿಲ್ಲ, ನೆರೆಹೊರೆಯೂ ಅಲ್ಲ. ಮೊದಲ ಪ್ರಶ್ನೆಗೆ ಈ ದಾರಿ ಬಹುಪಾಲು ಪಾಸ್. ಎರಡನೆಯದಕ್ಕೆ ಪೂರ್ತಿ ಫೇಲ್.

ಡಿವಿಷನ್ ತೆಗೆದು, ಎಲ್ಲರಿಗೂ ಮೂವರು

2022ರ ಮೇನಲ್ಲಿ ಎನ್‌ಸಿಎಎ ಡಿವಿಷನ್ ಕಡ್ಡಾಯ ಅನ್ನೋದನ್ನು ತೆಗೆದುಹಾಕಿತು. ಆಮೇಲೆ ಎಲ್ಲರೂ ಕೈಯಲ್ಲಿ ಕಾಗದ ಪೆನ್ಸಿಲ್ ಹಿಡಿದು ಕೂತರು.

ಎಸಿಸಿ 2023ರಲ್ಲಿ ತಂದಿದ್ದು 3-5-5. ಆಗ ಅಲ್ಲಿ 14 ತಂಡ, ಒಬ್ಬರಿಗೆ 13 ಎದುರಾಳಿ. ಮೂವರು ಪ್ರತಿ ವರ್ಷ. ಉಳಿದ ಹತ್ತರಲ್ಲಿ ಈ ವರ್ಷ ಐವರು, ಮುಂದಿನ ವರ್ಷ ಐವರು. ಎರಡು ವರ್ಷಕ್ಕೆ ಎಲ್ಲರನ್ನೂ ಆಡಿದ ಹಾಗಾಯಿತು, ನಾಲ್ಕು ವರ್ಷಕ್ಕೆ ಎಲ್ಲರೂ ನಿಮ್ಮ ಊರಿಗೆ ಬಂದ ಹಾಗಾಯಿತು. ಈ ಲೆಕ್ಕ ಮೊದಲ ಸಲ ನೋಡಿದಾಗ ಖುಷಿಯಿಂದ ಎರಡು ಸಲ ಕೂಡಿ ನೋಡಿದೆ, ಅಷ್ಟು ಅಚ್ಚುಕಟ್ಟು.

ಎಸ್‌ಇಸಿಯಲ್ಲಿ ವಾದ ವರ್ಷಗಟ್ಟಲೆ ನಡೆಯಿತು. ಟೆಕ್ಸಸ್, ಒಕ್ಲಹೋಮಾ 2024ರಲ್ಲಿ ಸೇರಿ ತಂಡ 16 ಆಯಿತು. 8 ಪಂದ್ಯ ಆದರೆ ಒಬ್ಬ ಕಾಯಂ, 7 ಸರದಿ. 9 ಪಂದ್ಯ ಆದರೆ ಮೂವರು ಕಾಯಂ, 6 ಸರದಿ. ಎರಡರಲ್ಲೂ ಎರಡು ವರ್ಷಕ್ಕೆ ಎಲ್ಲರ ಸರದಿ ಮುಗಿಯುತ್ತದೆ. ನೋಡಲು ಎರಡೂ ಸಮ. ಆದರೆ ಆಬರ್ನ್ ಜಾಗದಲ್ಲಿ ನಿಂತು ನೋಡಿ. ಅಲಬಾಮಾ ಜೊತೆಗಿನ ಐರನ್ ಬೌಲ್ ಅವರಿಗೆ ಉಸಿರು. ಜಾರ್ಜಿಯಾ ಜೊತೆ ಮೊದಲ ಪಂದ್ಯ ಆಡಿದ್ದು 1892ರಲ್ಲಿ. ಒಬ್ಬರನ್ನೇ ಇಟ್ಟುಕೊಳ್ಳಿ ಅಂದರೆ ಯಾರನ್ನು ಬಿಡೋದು? ಅಲಬಾಮಾಗೂ ಅದೇ ಪಾಡು, ಆಬರ್ನ್ ಬೇಕು, ಟೆನೆಸಿಯೂ ಬೇಕು. 8ರಲ್ಲೇ ಮೂವರನ್ನು ಕಾಯಂ ಮಾಡಿದರೆ ಉಳಿದ 12 ಜನ 5–5ರಂತೆ ಬರಬೇಕು, ಲೆಕ್ಕ ಮೂರನೇ ವರ್ಷಕ್ಕೆ ಎಳೆಯುತ್ತದೆ.

ಎರಡು ವರ್ಷ 8ರಲ್ಲೇ ತಳ್ಳಿ, 2025ರ ಆಗಸ್ಟ್‌ನಲ್ಲಿ ಕೊನೆಗೂ ತೀರ್ಮಾನ ಮಾಡಿದರು. 2026ರಿಂದ 9 ಪಂದ್ಯ, ಮೂವರು ಕಾಯಂ. ಆಬರ್ನ್‌ಗೆ ಅಲಬಾಮಾ, ಜಾರ್ಜಿಯಾ, ವ್ಯಾಂಡರ್‌ಬಿಲ್ಟ್. ಟೆಕ್ಸಸ್‌ಗೆ ಒಕ್ಲಹೋಮಾ, ಎ ಆಂಡ್ ಎಂ, ಅರ್ಕನ್ಸಾ. ಮೂರೂ ಹಳೆಯ ಜಿದ್ದುಗಳು, ಒಂದೇ ಸಾಲಿನಲ್ಲಿ. ಆ ಪಟ್ಟಿ ಬಂದ ದಿನ ಎರಡು ಬಣ್ಣದ ಬಾವುಟದ ಮನೆಗೆ ಫೋನ್ ಮಾಡಿದೆ. ಅವರ ಮಗಳು 2011ರ ಆಚೆ ಹುಟ್ಟಿದವಳು. 2024ರ ನವೆಂಬರ್‌ವರೆಗೆ ಅಪ್ಪ ಅಮ್ಮ ಯಾಕೆ ಒಬ್ಬರನ್ನೊಬ್ಬರು ರೇಗಿಸುತ್ತಾರೆ ಅಂತಲೇ ಅವಳಿಗೆ ಗೊತ್ತಿರಲಿಲ್ಲವಂತೆ. ಅವತ್ತು ಟೆಕ್ಸಸ್ 17–7ರಿಂದ ಗೆದ್ದ ಮೇಲೆ ಗೊತ್ತಾಯಿತು.

ಎಲ್ಲ ಸಿಹಿ ಅಂತ ಹೇಳಲಾರೆ. ಮೂರು ಅನ್ನೋದು ಎಲ್ಲರಿಗೂ ಸಮನಾದ ಸಂಖ್ಯೆ, ಜಿದ್ದು ಹಾಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಒಕ್ಲಹೋಮಾಗೆ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ಜೊತೆ ಹೇಳಿಕೊಳ್ಳುವಂಥ ಹಳೆಯ ನಂಟಿಲ್ಲ, ಆದರೂ ಕಾಯಂ ಮಾಡಿದರು. ಅದೇ ಹೊತ್ತಿಗೆ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್)–ಅಲಬಾಮಾ ವಾರ್ಷಿಕ ಪಂದ್ಯ ಹೋಯಿತು. ಅರ್ಧ ಶತಮಾನ ದಾಟಿದ್ದ ಎಲ್‌ಎಸ್‌ಯು–ಫ್ಲಾರಿಡಾ ಕೂಡ ಸರದಿಗೆ ಬಿತ್ತು. ನಾಲ್ಕು ವರ್ಷಕ್ಕೊಮ್ಮೆ ಕಾಯಂ ಪಟ್ಟಿಯನ್ನು ಮತ್ತೆ ನೋಡುತ್ತೇವೆ ಅಂದಿದ್ದಾರೆ.

9ಕ್ಕೆ ಇನ್ನೂ ಒಂದು ಬೆಲೆ ಇದೆ. ಅದು ಬೆಸ ಸಂಖ್ಯೆ. ಒಂದು ವರ್ಷ ತವರಿನಲ್ಲಿ 5, ಇನ್ನೊಂದು ವರ್ಷ 4. ಜೊತೆಗೆ ಕಾನ್ಫರೆನ್ಸಿನ ಅರ್ಧ ತಂಡಗಳಿಗೆ ವರ್ಷಕ್ಕೊಂದು ಸೋಲು ಜಾಸ್ತಿ. ದುಡ್ಡು ಪಡೆದು ದೊಡ್ಡವರ ಮೈದಾನಕ್ಕೆ ಆಡಲು ಹೋಗುವ ಸಣ್ಣ ಕಾಲೇಜುಗಳಿಗೂ ಒಂದು ಅವಕಾಶ ಕಡಿಮೆ. ಆ ಒಂದು ಚೆಕ್ಕಿನ ಮೇಲೆ ನಿಂತ ಅಥ್ಲೆಟಿಕ್ ವಿಭಾಗಗಳಿವೆ, ಅವರ ಕಷ್ಟವನ್ನು ಯಾರೂ ಹೆಚ್ಚು ಮಾತಾಡಲಿಲ್ಲ.

ಎಸಿಸಿಗೆ 9 ಇನ್ನೂ ತೊಡಕು. ಅಲ್ಲಿ ಈಗ 17 ತಂಡ. 17ನ್ನು 9ರಿಂದ ಗುಣಿಸಿದರೆ 153, ಒಂದು ಪಂದ್ಯಕ್ಕೆ ಇಬ್ಬರು ಬೇಕು, 153 ಎರಡರಿಂದ ಭಾಗವಾಗುವುದಿಲ್ಲ. ಅಲ್ಲಿ 9 ಪಂದ್ಯದ ಪದ್ಧತಿ ತಂದರೂ ಒಂದು ತಂಡವಾದರೂ 8ರಲ್ಲಿ ನಿಲ್ಲಲೇಬೇಕು.

ಇದ್ದವರಿಗೆ ಇದ್ದಷ್ಟು

ಬಿಗ್ ಟೆನ್ ಬೇರೆ ರೀತಿ ಯೋಚಿಸಿತು. ಪ್ರತಿ ತಂಡಕ್ಕೂ ಇಷ್ಟೇ ಕಾಯಂ ಎದುರಾಳಿ ಅನ್ನುವ ನಿಯಮವೇ ಬೇಡ. ನಿಜವಾದ ಜಿದ್ದುಗಳನ್ನು ಮೊದಲು ಪಟ್ಟಿ ಮಾಡು, ಅವನ್ನು ಗಟ್ಟಿ ಮಾಡು, ಉಳಿದದ್ದನ್ನು ತಿರುಗಿಸು. 2024ರಲ್ಲಿ 18 ತಂಡ ಆದಾಗ 12 ಜೋಡಿಗಳನ್ನು ಕಾಯಂ ಮಾಡಿದರು. ಮಿಶಿಗನ್–ಒಹಾಯೊ ಸ್ಟೇಟ್, ಮಿಶಿಗನ್–ಮಿಶಿಗನ್ ಸ್ಟೇಟ್, ಇಂಡಿಯಾನಾ–ಪರ್ಡ್ಯೂ, ಯುಎಸ್‌ಸಿ–ಯುಸಿಎಲ್‌ಎ, ಆರೆಗನ್–ವಾಷಿಂಗ್ಟನ್, ಹೀಗೆ. ಅಯೋವಾಗೆ ಮೂವರು: ಮಿನಿಸೋಟಾ, ವಿಸ್ಕಾನ್ಸಿನ್, ನೆಬ್ರಾಸ್ಕಾ. ಪೆನ್ ಸ್ಟೇಟ್‌ಗೆ ಒಬ್ಬರೂ ಇಲ್ಲ. ಯಾರಿಗೂ ಅಪಮಾನ ಆಗಲಿಲ್ಲ, ಅವರಿಗೆ ಕಾನ್ಫರೆನ್ಸ್ ಒಳಗೆ ಅಂಥ ಜಿದ್ದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. 17 ಎದುರಾಳಿಗಳನ್ನೂ ಐದು ವರ್ಷದಲ್ಲಿ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆಯಾದರೂ ಆಡಬೇಕು ಅನ್ನುವ ಗುರಿ. ನಾಲ್ಕು ವರ್ಷ ಓದುವವರಿಗೆ ಸ್ವಲ್ಪ ಕಡಿಮೆ ಬೀಳುತ್ತದೆ, 18 ತಂಡಕ್ಕೆ ಅದು ಕ್ಷಮಿಸಬಹುದಾದ ಕೊರತೆ.

ಬಿಗ್ 12 ಕೂಡ ಇದೇ ದಾರಿ ಹಿಡಿದು ನಾಲ್ಕೇ ಜೋಡಿ ಉಳಿಸಿತು. ಬೇಲರ್–ಟಿಸಿಯು, ಕ್ಯಾನ್ಸಸ್–ಕ್ಯಾನ್ಸಸ್ ಸ್ಟೇಟ್, ಬಿವೈಯು–ಯೂಟಾ, ಅರಿಝೋನಾ–ಅರಿಝೋನಾ ಸ್ಟೇಟ್.

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಪ್ರಾಮಾಣಿಕ ದಾರಿ. ಇಲ್ಲಿ ಎಲ್ಲವೂ ಪಟ್ಟಿ ಮಾಡುವವರ ಕಣ್ಣಿನ ಮೇಲೆ ನಿಂತಿದೆ. ಆ ಕಣ್ಣು ಒಂದು ಕಡೆ ತಪ್ಪಿತು.

1903ರ ಅಕ್ಟೋಬರ್ 31. ಮಿಶಿಗನ್ ತಂಡ ಮಿನಿಯಾಪೊಲಿಸ್‌ಗೆ ಆಡಲು ಹೋಗಿತ್ತು. ಅಲ್ಲಿನ ನೀರು ಕುಡಿಯಲು ಕೋಚ್ ಫೀಲ್ಡಿಂಗ್ ಯೋಸ್ಟ್‌ಗೆ ಮನಸ್ಸಿಲ್ಲ. ತಂಡದ ಹುಡುಗನೊಬ್ಬನನ್ನು ಅಂಗಡಿಗೆ ಕಳಿಸಿ 30 ಸೆಂಟ್ ಕೊಟ್ಟು ಒಂದು ಹೂಜಿ ತರಿಸಿದರು. ಪಂದ್ಯ 6–6 ಸಮ ಆಯಿತು. ಜನ ಮೈದಾನಕ್ಕೆ ನುಗ್ಗಿದ ಗಲಾಟೆಯಲ್ಲಿ ಹೂಜಿ ಅಲ್ಲೇ ಉಳಿಯಿತು. ಮಾರನೇ ದಿನ ಮಿನಿಸೋಟಾದ ಆಸ್ಕರ್ ಮನ್ಸನ್ ಅನ್ನುವ ನೌಕರನಿಗೆ ಸಿಕ್ಕಿತು. ಅವರು ಅದರ ಮೇಲೆ ಸ್ಕೋರ್ ಬರೆದರು. ಎರಡೂ ತಂಡಕ್ಕೆ ಆರೇ ಅಂಕ, ಆದರೆ ಮಿನಿಸೋಟಾದ 6 ದಪ್ಪ, ಮಿಶಿಗನ್ನಿನ 6 ಪುಟ್ಟದು. ಹೂಜಿ ವಾಪಸ್ ಕೊಡಿ ಅಂತ ಕೇಳಿದರೆ, ಬಂದು ಗೆದ್ದುಕೊಂಡು ಹೋಗಿ ಅನ್ನುವ ಉತ್ತರ ಬಂತು. 1909ರಲ್ಲಿ ಹೋಗಿ ಗೆದ್ದು ತಂದರು. ಅಂದಿನಿಂದ ಗೆದ್ದವರ ಮನೆಯಲ್ಲಿ ಆ ಹೂಜಿ. ದೊಡ್ಡ ಮಟ್ಟದ ಕಾಲೇಜು ಫುಟ್ಬಾಲ್‌ನಲ್ಲಿ ಟ್ರೋಫಿ ಇಟ್ಟು ಆಡುವ ಜಿದ್ದುಗಳಲ್ಲಿ ಇದೇ ಅತ್ಯಂತ ಹಳೆಯದು.

ಆ 12 ಜೋಡಿಗಳಲ್ಲಿ ಇದು ಇಲ್ಲ. ಮಿಶಿಗನ್–ಮಿನಿಸೋಟಾ 2024ರಲ್ಲಿ ಆಡಿದವು, 2025ರಲ್ಲಿ ಆಡಲಿಲ್ಲ. ಹೂಜಿ ಕಪಾಟಿನಲ್ಲೇ ಕೂತಿತ್ತು.

ಕಾನ್ಫರೆನ್ಸ್ ಹೊರಗೆ ಉಳಿಸಿಕೊಳ್ಳುವುದು

ಎದುರಾಳಿ ಬೇರೆ ಕಾನ್ಫರೆನ್ಸಿನಲ್ಲಿದ್ದರೆ ಇದೊಂದೇ ದಾರಿ. ಚೆನ್ನಾಗಿ ನಡೆದ ಉದಾಹರಣೆಗಳಿವೆ. ಜಾರ್ಜಿಯಾ–ಜಾರ್ಜಿಯಾ ಟೆಕ್, ಫ್ಲಾರಿಡಾ–ಫ್ಲಾರಿಡಾ ಸ್ಟೇಟ್, ಕ್ಲೆಮ್ಸನ್–ಸೌತ್ ಕ್ಯಾರೊಲಿನಾ ಎಲ್ಲವೂ ನವೆಂಬರ್ ಕೊನೆಗೆ, ಒಬ್ಬರು ಎಸಿಸಿ, ಇನ್ನೊಬ್ಬರು ಎಸ್‌ಇಸಿ. ಭೂಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ಆರ್ಮಿ–ನೇವಿ ಪಂದ್ಯ ಎಲ್ಲಕ್ಕಿಂತ ಗಟ್ಟಿ. 2024ರಿಂದ ಎರಡೂ ಒಂದೇ ಕಾನ್ಫರೆನ್ಸಿನಲ್ಲಿವೆ, ಆದರೂ ಡಿಸೆಂಬರ್‌ನ ತಮ್ಮ ಶನಿವಾರ ಬಿಟ್ಟುಕೊಡದೆ, ಆ ಪಂದ್ಯವನ್ನು ಕಾನ್ಫರೆನ್ಸ್ ಲೆಕ್ಕದಿಂದ ಹೊರಗೇ ಇಟ್ಟುಕೊಂಡಿವೆ.

ಆದರೆ ಇಲ್ಲಿ ಕಾಪಾಡಲು ಮೇಲಿನವರು ಯಾರೂ ಇಲ್ಲ. ಕ್ಲೆಮ್ಸನ್–ಸೌತ್ ಕ್ಯಾರೊಲಿನಾ 1909ರಿಂದ ತಪ್ಪದೆ ನಡೆದಿತ್ತು. 2020ರಲ್ಲಿ ಕೋವಿಡ್ ಅಂತ ಎಸ್‌ಇಸಿ ತನ್ನೊಳಗೆ ಮಾತ್ರ ಆಡಿತು, ಸರಪಳಿ ಕಡಿಯಿತು. ಒಕ್ಲಹೋಮಾ–ಒಕ್ಲಹೋಮಾ ಸ್ಟೇಟ್ ಪಂದ್ಯಕ್ಕೆ ಬೆಡ್ಲಮ್ ಅಂತ ಹೆಸರು. 1910ರಿಂದ ಪ್ರತಿ ವರ್ಷ ಇತ್ತು. 2023ರ ನವೆಂಬರ್ 4ರಂದು ಒಕ್ಲಹೋಮಾ ಸ್ಟೇಟ್ 27–24ರಿಂದ ಗೆದ್ದಿತು, ಒಕ್ಲಹೋಮಾ ಎಸ್‌ಇಸಿಗೆ ಹೊರಟಿತು, ಅಲ್ಲಿಗೆ ನಿಂತಿತು. ಪಿಟ್ (ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ) ಮತ್ತು ವೆಸ್ಟ್ ವರ್ಜೀನಿಯಾ ನಡುವೆ ಎಪ್ಪತ್ತೈದು ಮೈಲಿ ಸುಮಾರು ದೂರ, ಆದರೂ 2012ರಿಂದ 2021ರವರೆಗೆ ಎದುರಾಗಲೇ ಇಲ್ಲ.

ಉಳಿದರೂ ತಾರೀಖು ಹೋಗುತ್ತದೆ. ವಾಷಿಂಗ್ಟನ್–ವಾಷಿಂಗ್ಟನ್ ಸ್ಟೇಟ್ ನಡುವಿನ ಆಪಲ್ ಕಪ್ ನವೆಂಬರ್ ಕೊನೆಯ ಚಳಿಯ ಪಂದ್ಯ. ಇಬ್ಬರೂ ಇದ್ದ ಪ್ಯಾಕ್-12 ಕಾನ್ಫರೆನ್ಸ್ ಒಡೆದ ಮೇಲೆ 2024ರಲ್ಲಿ ಅದು ಸೆಪ್ಟೆಂಬರ್ 14ಕ್ಕೆ ಬಂತು. ವಾಷಿಂಗ್ಟನ್ ಸ್ಟೇಟ್ 24–19ರಿಂದ ಗೆದ್ದಿತು, ಆಟ ಚೆನ್ನಾಗಿಯೇ ಇತ್ತು. ಆದರೆ ದೀಪಾವಳಿಯನ್ನು ಆಷಾಢದಲ್ಲಿ ಮಾಡಿದರೆ ಹೇಗಿರುತ್ತೆ? ಪಟಾಕಿ ಅದೇ, ಒಬ್ಬಟ್ಟು ಅದೇ, ಹಬ್ಬ ಅನ್ನಿಸಲ್ಲ, ಅಲ್ವಾ? ಸೀಸನ್ ಪೂರ್ತಿ ಹಾಳಾದ ತಂಡಕ್ಕೆ ಕೊನೆಯ ಶನಿವಾರ ಬದ್ಧ ವೈರಿಯ ಕನಸನ್ನು ಹಾಳು ಮಾಡುವ ಒಂದು ಅವಕಾಶ ಇರಬೇಕು. ಎರಡನೇ ವಾರದಲ್ಲಿ, ಮೂರನೇ ವಾರದಲ್ಲಿ ಹಾಳು ಮಾಡಲು ಕನಸು ಇನ್ನೂ ಹುಟ್ಟಿರೋದಿಲ್ಲ.

ಹಾಗಾದರೆ ಯಾವುದು?

ಹತ್ತು ತಂಡ ಇದ್ದರೆ ಯೋಚಿಸಲೇಬೇಡಿ, ಎಲ್ಲರೂ ಎಲ್ಲರ ಜೊತೆ ಆಡಲಿ. 12 ಅಥವಾ 14 ತಂಡ, ಊರುಗಳು ಎರಡು ಗುಂಪಾಗಿ ಸಹಜವಾಗಿ ಬೀಳುತ್ತವೆ, ಪ್ರಯಾಣಕ್ಕೆ ದುಡ್ಡು ಕಡಿಮೆ ಅಂದರೆ ಡಿವಿಷನ್ ಸಾಕು. ಗೆರೆ ಯಾವುದಾದರೂ ಜಿದ್ದನ್ನು ಕತ್ತರಿಸುತ್ತಿದ್ದರೆ ಮಾತ್ರ ಡಿವಿಷನ್ ಬಿಟ್ಟು 3-5-5ಕ್ಕೆ ಹೋಗಿ. 6-1-1 ಕಡೆ ತಿರುಗಿಯೂ ನೋಡಬೇಡಿ.

16ಕ್ಕೆ 9 ಪಂದ್ಯ, ಮೂವರು ಕಾಯಂ. ನಾಲ್ಕು ವರ್ಷದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮೂರನೆಯ ಹೆಸರು ಎಳೆದು ತಂದದ್ದಾದರೂ ಸಹಿಸಿಕೊಳ್ಳಬಹುದು, ಬಿಟ್ಟುಹೋದ ಎರಡನೆಯ ಹೆಸರನ್ನು ಸಹಿಸಲು ಆಗುವುದಿಲ್ಲ. ಜಿದ್ದುಗಳು ತೀರ ಏರುಪೇರಾಗಿ ಹಂಚಿಹೋಗಿದ್ದರೆ, ಅಥವಾ ತಂಡ 16 ದಾಟಿದರೆ, ಬಿಗ್ ಟೆನ್ ದಾರಿಗೆ ಬನ್ನಿ. ಎಷ್ಟು ಜೋಡಿ ಅನ್ನೋದನ್ನು ಮೊದಲೇ ನಿರ್ಧರಿಸಬೇಡಿ. ಎರಡೂ ಊರಿನ ಜನರನ್ನು ಕೇಳಿ, ಅವರಿಬ್ಬರೂ ಒಂದೇ ಹೆಸರು ಹೇಳಿದರೆ ಆ ಜೋಡಿ ಪಟ್ಟಿಗೆ ಸೇರಲಿ. ಬೇರೆ ಕಾನ್ಫರೆನ್ಸಿನ ವೈರಿ ಇದ್ದರೆ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿಸಿ, ಅದರಲ್ಲಿ ವಾರವನ್ನೂ ಬರೆಸಿ.

ಬಿಗ್ ಟೆನ್‌ನವರಿಗೆ 13ನೇ ಜೋಡಿಗೆ ಜಾಗ ಇದೆ. ಮಿನಿಸೋಟಾಗೆ ಈಗ ಅಯೋವಾ, ವಿಸ್ಕಾನ್ಸಿನ್ ಇಬ್ಬರು. ಮಿಶಿಗನ್‌ಗೆ ಒಹಾಯೊ ಸ್ಟೇಟ್, ಮಿಶಿಗನ್ ಸ್ಟೇಟ್ ಇಬ್ಬರು. ಹೂಜಿಯ ಪಂದ್ಯ ಸೇರಿಸಿದರೆ ಇಬ್ಬರಿಗೂ ಮೂರು ಮೂರು ಆಗುತ್ತದೆ. ಅಯೋವಾ ಆಗಲೇ ಮೂವರ ಜೊತೆ ಆಡುತ್ತಿದೆ.